ಜಾತ್ರೆಯ ಅಂಗಡಿ ಮತ್ತು ಬೆಲೆಯ ಗಣಿತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿವೆ. ಇದು ಬಹುಮಟ್ಟಿಗೆ ಮಳೆಯನ್ನು ನಂಬಿದ ಬಯಲು ನಾಡು. ಸುಗ್ಗಿ ಮುಗಿದು, ಬೆಳೆ ಮನೆ ಸೇರಿ, ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಸರಿಯಾಗಿ ಇಲ್ಲಿಯ ದೊಡ್ಡ ಜಾತ್ರೆಗಳು ಬರುತ್ತವೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಸುಮಾರಿಗೆ ಕಾರಣಿಕ. ಅದೇ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಜನಸಾಗರ. ಆಮೇಲೆ ಮಾಘ ಬಹುಳದಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ರಥೋತ್ಸವ. ಅದರ ಬೆನ್ನಿಗೆ ಶಿವರಾತ್ರಿಯ ವೇಳೆಗೆ ತುಂಗಭದ್ರೆಯ ದಡದ ಕುರುವತ್ತಿಯ ಜಾತ್ರೆ. ಹುಣ್ಣಿಮೆಗೂ ಶಿವರಾತ್ರಿಗೂ ನಡುವೆ ಇರುವುದು ಎರಡೇ ವಾರ. ಬಳೆ, ಆಟಿಕೆ, ಮಂಡಕ್ಕಿ, ಮಿಠಾಯಿ, ಹೂವು, ಕಾಯಿ ಮಾರುವ ನೂರಾರು ಸಣ್ಣ ವ್ಯಾಪಾರಿಗಳ ವರ್ಷದ ಗಳಿಕೆಯ ಬಲು ದೊಡ್ಡ ಪಾಲು ಈ ಎರಡು ವಾರಗಳಲ್ಲಿಯೇ ನಿರ್ಣಯವಾಗಿಬಿಡುತ್ತದೆ.

ಇಂತಹ ವ್ಯಾಪಾರಿಯ ಮುಂದೆ ಪ್ರತಿ ವರ್ಷವೂ ಒಂದೇ ಪ್ರಶ್ನೆ ನಿಲ್ಲುತ್ತದೆ: ಜಾತ್ರೆಯಲ್ಲಿ ಬೆಲೆಯನ್ನು ಏರಿಸಬೇಕೆ, ಇಳಿಸಬೇಕೆ? ಜನ ಬಂದೇ ಬರುತ್ತಾರೆ, ಆದುದರಿಂದ ಏರಿಸು ಎಂದು ಒಬ್ಬನು ಹೇಳುತ್ತಾನೆ. ಇಳಿಸಿದರೆ ಜನ ಮುಗಿಬೀಳುತ್ತಾರೆ, ಆದುದರಿಂದ ಇಳಿಸು ಎಂದು ಇನ್ನೊಬ್ಬನ ಬುದ್ಧಿವಾದ. ಇಬ್ಬರದೂ ಸಮಾನ ದೃಢತೆಯ ಮಾತು. ಸಾಲ ತಂದ ಬಂಡವಾಳವನ್ನು ಬೀದಿಯಲ್ಲಿ ಹರಡಿ ಕುಳಿತವನಿಗೆ ಈ ಎರಡರಲ್ಲಿ ತಪ್ಪಾದುದನ್ನು ಆರಿಸಿಕೊಂಡರೆ ಅಸಲಿಗೇ ಮೋಸ. ಅದೃಷ್ಟವಶಾತ್ ಇದು ಬರಿಯ ಅಭಿಪ್ರಾಯದ ವಿಷಯವಲ್ಲ. ಪ್ರೌಢಶಾಲೆಯ ಅಂಕಗಣಿತ, ಕಾಲೇಜಿನ ಮೊದಲ ವರ್ಷದ ಕಲನಶಾಸ್ತ್ರ ಇವಿಷ್ಟರಿಂದಲೇ ಇದರ ಬಹುಭಾಗಕ್ಕೆ ಉತ್ತರ ದೊರೆಯುತ್ತದೆ. ಆ ಉತ್ತರವನ್ನು ಹಂತಹಂತವಾಗಿ ಕಂಡುಕೊಳ್ಳುವುದು ಈ ಲೇಖನದ ಉದ್ದೇಶ. ಮುಂದೆ ಬರುವ ಅಂಗಡಿಗಳ ಲೆಕ್ಕದ ಸಂಖ್ಯೆಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು. ವಾಚಕರು ತಮ್ಮೂರಿನ ಸಂಖ್ಯೆಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬಹುದು.

ಎರಡು ಬಗೆಯ ಖರ್ಚು

ಕೊಟ್ಟೂರಿನ ತೇರುಬೀದಿಯಲ್ಲಿ ಒಂದು ಬಳೆಯ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಒಂದು ಡಜನ್ ಬಳೆಯನ್ನು ವ್ಯಾಪಾರಿ 70 ರೂಪಾಯಿಗೆ ಕೊಂಡು 100 ರೂಪಾಯಿಗೆ ಮಾರುತ್ತಾನೆ. ಡಜನ್ನಿಗೆ ಉಳಿಯುವುದು 30 ರೂಪಾಯಿ. ಇದನ್ನು ನಾವು 'ಉಳಿಕೆ' ಎಂದು ಕರೆಯೋಣ. ಲಾಭವೆಂದು ಕರೆಯುವುದು ಇನ್ನೂ ಸರಿಯಾಗದು. ಏಕೆಂದರೆ ನೆಲಬಾಡಿಗೆ, ಸಾಮಾನು ಸಾಗಿಸಿದ ಖರ್ಚು, ದೀಪದ ಖರ್ಚು, ಊಟ, ಸಾಲದ ಬಡ್ಡಿ ಇವೆಲ್ಲವೂ ಸೇರಿ 4,500 ರೂಪಾಯಿ ಆಗುತ್ತದೆಂದು ಭಾವಿಸಿರಿ. ಒಂದು ಬಳೆ ಮಾರಿದರೂ ಸಾವಿರ ಮಾರಿದರೂ ಈ 4,500 ಬದಲಾಗದು. ಇದು ಸ್ಥಿರ ಖರ್ಚು. ಕೊಂಡ ಬೆಲೆಯಾದರೋ ಮಾರಿದಷ್ಟೂ ಬೆಳೆಯುವ ಖರ್ಚು.

4,500ನ್ನು 30ರಿಂದ ಭಾಗಿಸಿದರೆ 150. ಅಂದರೆ 150ನೆಯ ಡಜನ್ ಮಾರುವವರೆಗೂ ಅಂಗಡಿ ನಷ್ಟದಲ್ಲಿಯೇ ಇರುತ್ತದೆ. ಲಾಭವೆಂಬುದು 151ನೆಯದರಿಂದ ಆರಂಭ. ಮೊದಲ ದಿನದ ಸಂಜೆ ಗಲ್ಲಾಪೆಟ್ಟಿಗೆ ತುಂಬಿತೆಂದು ಹಿಗ್ಗಿದವನು ಎಷ್ಟೋ ವೇಳೆ ಎಣಿಸುತ್ತಿರುವುದು ತನ್ನದೇ ಅಸಲನ್ನು. ಆದುದರಿಂದ ಜಾತ್ರೆಗೆ ಹೊರಡುವ ಮೊದಲೇ ಈ ಒಂದು ಭಾಗಾಕಾರವನ್ನು ಮಾಡಿಟ್ಟುಕೊಳ್ಳಬೇಕು.

ರಿಯಾಯಿತಿ ಎಲ್ಲಿಂದ ಬರುತ್ತದೆ?

ಈಗ ನಮ್ಮ ವ್ಯಾಪಾರಿ 'ಶೇಕಡಾ 10 ರಿಯಾಯಿತಿ' ಎಂದು ಫಲಕ ತೂಗುಹಾಕುತ್ತಾನೆಂದು ಊಹಿಸೋಣ. ಬೆಲೆ ಹತ್ತರಲ್ಲಿ ಒಂದು ಪಾಲು ಇಳಿದಿದೆ. ಅದಕ್ಕೆ ಸರಿಯಾಗಿ ಹತ್ತರಲ್ಲಿ ಒಂದು ಪಾಲು ಹೆಚ್ಚು ವ್ಯಾಪಾರವಾದರೆ ಸಾಕೆಂದು ಮನಸ್ಸು ಹೇಳುತ್ತದೆ. ಈ ಊಹೆ ತಪ್ಪು. ಇಳಿಸಿದ 10 ರೂಪಾಯಿಯಲ್ಲಿ ಒಂದು ಪೈಸೆಯನ್ನೂ ಬಳೆ ತಯಾರಿಸಿದ ಕಾರಖಾನೆಯವನು ಬಿಟ್ಟುಕೊಡುವುದಿಲ್ಲ. ಇಡೀ ಹತ್ತು ರೂಪಾಯಿಯೂ 30 ರೂಪಾಯಿಯ ಉಳಿಕೆಯಿಂದಲೇ ಹೋಗಬೇಕು. ಉಳಿಕೆ 20ಕ್ಕೆ ಇಳಿಯಿತು. ಮೊದಲು 200 ಡಜನ್ ಮಾರಿ 6,000 ರೂಪಾಯಿ ಉಳಿಸುತ್ತಿದ್ದವನು ಅದೇ 6,000ಕ್ಕಾಗಿ ಈಗ 300 ಡಜನ್ ಮಾರಬೇಕು. ಬೆಲೆಯಲ್ಲಿ ಶೇಕಡಾ 10 ಇಳಿಸಿದರೆ ವ್ಯಾಪಾರದಲ್ಲಿ ಶೇಕಡಾ 50 ಏರಬೇಕು!

ಇದನ್ನು ಸೂತ್ರರೂಪದಲ್ಲಿ ಹೀಗೆ ಹೇಳಬಹುದು. ನೂರು ರೂಪಾಯಿಯ ಮಾರಾಟದಲ್ಲಿ ಉಳಿಕೆ ಉ, ರಿಯಾಯಿತಿ ರಿ ಎಂದಾದರೆ, ಮೊದಲಿನಷ್ಟೇ ಗಳಿಸಲು ಹೆಚ್ಚಬೇಕಾದ ಮಾರಾಟದ ಪ್ರಮಾಣವು ರಿ ÷ (ಉ − ರಿ). ಉಳಿಕೆ 30 ಇರುವ ಅಂಗಡಿಗೆ ಈ ಸೂತ್ರ ಕೊಡುವ ಉತ್ತರಗಳನ್ನು ನೋಡಿರಿ:

ರಿಯಾಯಿತಿ ಶೇಕಡಾ 5 ಆದರೆ ಮಾರಾಟ ಹೆಚ್ಚಬೇಕಾದುದು ಶೇಕಡಾ 20.
ರಿಯಾಯಿತಿ 10 ಆದರೆ 50.
ರಿಯಾಯಿತಿ 15 ಆದರೆ 100.
ರಿಯಾಯಿತಿ 20 ಆದರೆ 200.
ರಿಯಾಯಿತಿ 25 ಆದರೆ 500.

ರಿಯಾಯಿತಿ ಸಮನಾದ ಮೆಟ್ಟಿಲುಗಳಲ್ಲಿ ಏರುತ್ತಿದ್ದರೆ ಅಗತ್ಯವಾದ ಮಾರಾಟ ನೆಗೆಯುತ್ತ ಹೋಗುತ್ತದೆ. ರೇಖಾಚಿತ್ರದಲ್ಲಿ ಇದು ಅತಿಪರವಲಯ. 30ರ ಹತ್ತಿರ ಬಂದಂತೆ ವಕ್ರವು ಆಕಾಶಕ್ಕೆ ಏರುತ್ತದೆ. 30ನ್ನು ಮುಟ್ಟಿದಾಗ ಛೇದ ಸೊನ್ನೆ. ಆಗ ಇಡೀ ಜಾತ್ರೆಯೇ ಬಂದು ಕೊಂಡರೂ ನೆಲಬಾಡಿಗೆ ಹುಟ್ಟದು. ಉಳಿಕೆ ಕಡಮೆಯಿರುವ ವ್ಯಾಪಾರಕ್ಕೆ ಈ ಅಪಾಯ ಇನ್ನೂ ಹತ್ತಿರ. ನೂರಕ್ಕೆ 10 ಮಾತ್ರ ಉಳಿಯುವ ಕೂಡ್ಲಿಗಿಯ ಕಿರಾಣಿ ಅಂಗಡಿಯೊಂದು ದೀಪಾವಳಿಗೆ ಶೇಕಡಾ 5 ಬಿಟ್ಟರೆ ಅದರ ವ್ಯಾಪಾರ ಇಮ್ಮಡಿಯಾಗಬೇಕು. ನೂರಕ್ಕೆ 40 ಉಳಿಯುವ ಬಟ್ಟೆಯಂಗಡಿಗಾದರೆ ಶೇಕಡಾ 10 ರಿಯಾಯಿತಿಗೆ ಮೂರನೆಯ ಒಂದು ಪಾಲು ಹೆಚ್ಚು ಮಾರಿದರೆ ಸಾಕು. ಪಕ್ಕದ ಅಂಗಡಿಯ ಫಲಕವನ್ನು ನೋಡಿ ತನ್ನ ಫಲಕವನ್ನು ಬರೆಯಬಾರದು ಎಂಬುದಕ್ಕೆ ಇದೇ ಕಾರಣ. ಇಬ್ಬರ ಉಳಿಕೆಯೂ ಒಂದೇ ಆಗಿರಬೇಕಾಗಿಲ್ಲ.

ಬೆಲೆಯನ್ನು ಏರಿಸಿದರೆ ಏನಾಗುವುದು? ಸೂತ್ರದಲ್ಲಿ ಚಿಹ್ನೆ ಬದಲಾಗುತ್ತದೆ, ಅಷ್ಟೆ. 100ನ್ನು 110 ಮಾಡಿದರೆ ಉಳಿಕೆ 40. 10ನ್ನು 40ರಿಂದ ಭಾಗಿಸಿದರೆ ಕಾಲುಭಾಗ. ಅಂದರೆ ನಾಲ್ಕರಲ್ಲಿ ಒಂದು ಪಾಲು ಗಿರಾಕಿಗಳು ಎದ್ದುಹೋದರೂ ಗಳಿಕೆ ಮೊದಲಿನಷ್ಟೇ ಇರುತ್ತದೆ. ಅವರಲ್ಲಿ ಎಷ್ಟು ಮಂದಿ ಎದ್ದುಹೋಗುತ್ತಾರೆ ಎಂಬುದೇ ಮುಂದಿನ ಪ್ರಶ್ನೆ.

ಬೇಡಿಕೆಯ ಇಳಿಜಾರು

ಈ ಪ್ರಶ್ನೆಯನ್ನು ಮೊಟ್ಟಮೊದಲು ಗಣಿತದ ಭಾಷೆಯಲ್ಲಿ ಸ್ಪಷ್ಟವಾಗಿ ಕೇಳಿದವರಲ್ಲಿ ಫ್ರಾನ್ಸಿನ ಗಣಿತಜ್ಞ ಆಂತ್ವಾನ್ ಆಗುಸ್ತಾನ್ ಕೂರ್ನೊ ಪ್ರಮುಖನು. 1838ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಬೇಡಿಕೆಯನ್ನು ಬೆಲೆಯ ಒಂದು ಉತ್ಪನ್ನವೆಂದು, ಎಂದರೆ ಬೆಲೆ ಬದಲಾದಂತೆ ನಿಯಮಬದ್ಧವಾಗಿ ಬದಲಾಗುವ ಪ್ರಮಾಣವೆಂದು ಬರೆದನು. ಖನಿಜಜಲದ ಚಿಲುಮೆಯೊಂದರ ಒಡೆಯನು ಯಾವ ಬೆಲೆಯಲ್ಲಿ ನೀರು ಮಾರಿದರೆ ಅತಿ ಹೆಚ್ಚು ಗಳಿಸುವನೆಂಬುದನ್ನು ಕಲನಶಾಸ್ತ್ರದಿಂದ ಕಂಡುಹಿಡಿದು ತೋರಿಸಿದನು. ಬೆಲೆ ಬದಲಾದಾಗ ಬೇಡಿಕೆ ಎಷ್ಟು ಸುಲಭವಾಗಿ ಬಾಗುತ್ತದೆ ಎಂಬ ಗುಣಕ್ಕೆ ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ 'ಸ್ಥಿತಿಸ್ಥಾಪಕತ್ವ' ಎಂಬ ಭೌತಶಾಸ್ತ್ರದ ಹೆಸರನ್ನೇ ಬಳಸಿದನು.

ನಮ್ಮ ಬಳೆಯಂಗಡಿಗೆ ಕೂರ್ನೊವಿನ ವಿಧಾನವನ್ನು ಅನ್ವಯಿಸೋಣ. ಬೆಲೆ 100 ಇದ್ದಾಗ 200 ಡಜನ್ ಹೋಗುತ್ತದೆ. ಬೆಲೆಯಲ್ಲಿ ಒಂದು ರೂಪಾಯಿ ಏರಿದರೆ 4 ಡಜನ್ ಕಡಮೆಯಾಗುತ್ತದೆ, ಇಳಿದರೆ 4 ಡಜನ್ ಹೆಚ್ಚುತ್ತದೆ ಎಂದಿಟ್ಟುಕೊಳ್ಳಿರಿ. ಆಗ 90 ರೂಪಾಯಿಗೆ 240 ಡಜನ್, ಉಳಿಕೆ ಒಟ್ಟು 4,800. 100 ರೂಪಾಯಿಗೆ 6,000. 105ಕ್ಕೆ 180 ಡಜನ್, ಒಟ್ಟು 6,300. 110ಕ್ಕೆ 160 ಡಜನ್, ಒಟ್ಟು 6,400. 115ಕ್ಕೆ 140 ಡಜನ್, ಮತ್ತೆ 6,300. 110 ರೂಪಾಯಿಯೇ ಶಿಖರ.

ಇಲ್ಲಿ ಎರಡು ಸ್ವಾರಸ್ಯಗಳಿವೆ. ಮೊದಲನೆಯದು, ಶಿಖರದ ನೆತ್ತಿ ಚಪ್ಪಟೆಯಾಗಿದೆ. 110ರಿಂದ ಐದು ರೂಪಾಯಿ ಅತ್ತ ಇತ್ತ ಸರಿದರೂ ನಷ್ಟ 100 ರೂಪಾಯಿ ಮಾತ್ರ. ಗರಿಷ್ಠ ಬಿಂದುವಿನಲ್ಲಿ ವಕ್ರದ ಇಳಿಜಾರು ಸೊನ್ನೆಯೆಂದು ನಾವು ಕಲಿತಿರುವುದರ ಫಲವಿದು. ಆದುದರಿಂದ ಬೆಲೆಯನ್ನು ಕೂದಲೆಳೆಯಷ್ಟು ಸರಿಯಾಗಿ ಹಿಡಿಯಬೇಕಾಗಿಲ್ಲ. ಶಿಖರದ ಆಸುಪಾಸಿನಲ್ಲಿದ್ದರೆ ಸಾಕು. ಅಲ್ಲಿಂದ 20 ರೂಪಾಯಿ ಕೆಳಗೆ, 90ಕ್ಕೆ, ಇಳಿದವನಿಗಾದರೋ 1,600 ರೂಪಾಯಿಯ ಪೆಟ್ಟು.

ಎರಡನೆಯದು, ಈ ಲೆಕ್ಕದಲ್ಲಿ 4,500 ರೂಪಾಯಿಯ ಸ್ಥಿರ ಖರ್ಚು ಎಲ್ಲಿಯೂ ಬರಲಿಲ್ಲ. ಸ್ಥಿರಾಂಕದ ಅವಕಲನ ಸೊನ್ನೆ. 'ಈ ಸಲ ನೆಲಬಾಡಿಗೆ ಸಾವಿರ ಹೆಚ್ಚಾಗಿದೆ, ಅದನ್ನು ಬಳೆಯ ಮೇಲೆ ಹಾಕಬೇಕು' ಎಂಬುದು ಸಾಮಾನ್ಯವಾದ ಮಾತು. ಬಾಡಿಗೆ ಹೆಚ್ಚಿದರೂ ಅತ್ಯುತ್ತಮ ಬೆಲೆ 110 ಆಗಿಯೇ ಉಳಿಯುತ್ತದೆ. ನಿವ್ವಳ ಲಾಭ 1,900ರ ಬದಲು 900 ಆಗುತ್ತದೆ, ಅಷ್ಟೆ. ಬಾಡಿಗೆ ನಿರ್ಣಯಿಸುವುದು ಆ ಜಾತ್ರೆಗೆ ಹೋಗಬೇಕೋ ಬಿಡಬೇಕೋ ಎಂಬುದನ್ನು. ಹೋಗಿ ಕುಳಿತ ಮೇಲೆ ಬೆಲೆಯನ್ನು ನಿರ್ಣಯಿಸತಕ್ಕವರು ಗಿರಾಕಿಗಳು.

ಎಲ್ಲ ಸಾಮಗ್ರಿಗಳ ಇಳಿಜಾರೂ ಒಂದೇ ಅಲ್ಲ. ಉಚ್ಚಂಗಿದುರ್ಗದ ಬೆಟ್ಟ ಹತ್ತಲು ಬಂದ ಭಕ್ತನಿಗೆ ತೆಂಗಿನಕಾಯಿ ಬೇಕೇ ಬೇಕು. ತೇರಿಗೆ ಎಸೆಯುವ ಬಾಳೆಹಣ್ಣು, ಉತ್ತತ್ತಿಗಳೂ ಹಾಗೆಯೇ. ಬೆಲೆ ಸ್ವಲ್ಪ ಏರಿದರೂ ಯಾರೂ ಬರಿಗೈಯಲ್ಲಿ ಹೋಗರು, ಇಳಿದರೂ ಒಬ್ಬನು ನಾಲ್ಕು ಕಾಯಿ ಒಡೆಸನು. ಇಂತಹ ವಸ್ತುವಿಗೆ ರಿಯಾಯಿತಿ ಕೊಡುವುದು ವ್ಯರ್ಥ. ಆಟಿಕೆ, ಬಳೆ, ಮಿಠಾಯಿಗಳಿಗೆ ಬೇಡಿಕೆ ಬಾಗುವಂಥದು.

ಆದರೆ ಒಂದು ಎಚ್ಚರಿಕೆ ಅವಶ್ಯ. ಜಾತ್ರೆಯಲ್ಲಿ ಒಂದೇ ಬಗೆಯ ಅಂಗಡಿಗಳು ಸಾಲಾಗಿ ಕೂರುತ್ತವೆ. ತೆಂಗಿನಕಾಯಿಯ ಒಟ್ಟು ಬೇಡಿಕೆ ಬಾಗದಿದ್ದರೂ ಒಂದು ಅಂಗಡಿಯ ಬೇಡಿಕೆ ಬಹಳವಾಗಿ ಬಾಗುತ್ತದೆ. ಎರಡು ರೂಪಾಯಿ ಏರಿಸಿದರೆ ಗಿರಾಕಿ ಮುಂದಿನ ಅಂಗಡಿಗೆ ನಡೆಯುತ್ತಾನೆ. ಎರಡು ರೂಪಾಯಿ ಇಳಿಸಿದರೆ? ಹತ್ತು ನಿಮಿಷದಲ್ಲಿ ನೆರೆಯವನೂ ಇಳಿಸುತ್ತಾನೆ. ಗಿರಾಕಿಗಳು ಮೊದಲಿನಷ್ಟೇ, ಉಳಿಕೆ ಮಾತ್ರ ಸಾಲಿಗೆ ಸಾಲೇ ಕರಗುತ್ತದೆ. ಎಲ್ಲರಿಗೂ ಕಾಣುವಂತೆ ಕೂಗಿ ಇಳಿಸಿದ ಬೆಲೆ ಹೆಚ್ಚು ಹೊತ್ತು ಒಬ್ಬನ ಸೊತ್ತಾಗಿ ಉಳಿಯದು.

ಹಡಗಲಿಯ ಮಲ್ಲಿಗೆ: ಉಳಿದ ಸರಕಿನ ಲೆಕ್ಕ

ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಎಷ್ಟು ಸರಕು ತರಬೇಕೆಂಬುದು. ಇದಕ್ಕೆ ಹಡಗಲಿಯ ಮಲ್ಲಿಗೆಗಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಊರಿನ ಹೆಸರಿನಲ್ಲಿಯೇ ಹೂವನ್ನು ಹೊತ್ತ ಹೂವಿನಹಡಗಲಿಯ ಮಲ್ಲಿಗೆಗೆ ಮೈಸೂರು, ಉಡುಪಿಯ ಮಲ್ಲಿಗೆಗಳಂತೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಮಲ್ಲಿಗೆ ಬಿಸಿಲಿಗೆ ಅರಳುವ ಗಿಡ. ಚಳಿಗಾಲದಲ್ಲಿ ಮೊಗ್ಗು ಕಡಮೆ. ಆ ಕೊರತೆ ಪೂರ್ಣವಾಗಿ ತೀರುವ ಮೊದಲೇ ಮಾಘದ ಜಾತ್ರೆಗಳು ಬರುತ್ತವೆ. ಆಗ ಹೂವಿನ ಬೆಲೆ ಏರಿದರೆ ಅದೆಲ್ಲವನ್ನೂ ಮಾರುವವಳ ದುರಾಸೆಯೆನ್ನಲಾಗದು; ಅವಳು ಕೊಳ್ಳುವ ಬೆಲೆಯೂ ಏರಿರುತ್ತದೆ.

ಒಬ್ಬ ಹೂವಾಡಗಿತ್ತಿ ಮಾರು ಹೂವನ್ನು 30 ರೂಪಾಯಿಗೆ ಕೊಂಡು 55ಕ್ಕೆ ಮಾರುತ್ತಾಳೆ. ರಾತ್ರಿ ಉಳಿದ ಹೂವು ಬೆಳಗಾಗುವಷ್ಟರಲ್ಲಿ ಬಾಡಿ ಬೆಲೆಯಿಲ್ಲದಾಗುತ್ತದೆ. ಒಂದು ಮಾರು ಮಾರಿದರೆ 25 ಲಾಭ, ಉಳಿದರೆ 30 ನಷ್ಟ. ಹಿಂದಿನ ಹತ್ತು ಉತ್ಸವದ ದಿನಗಳಲ್ಲಿ ಅವಳಲ್ಲಿಗೆ ಬಂದ ಬೇಡಿಕೆ, ಕಡಮೆಯಿಂದ ಹೆಚ್ಚಿಗೆ ಜೋಡಿಸಿದರೆ, ಹೀಗಿತ್ತೆನ್ನೋಣ: 40, 45, 50, 50, 55, 60, 60, 65, 70, 80 ಮಾರು. ಸರಾಸರಿ 57½. ಅವಳು ಎಷ್ಟು ಕೊಳ್ಳಬೇಕು?

ಒಂದೊಂದೇ ಮಾರನ್ನು ಸೇರಿಸುತ್ತ ಹೋಗೋಣ. ಇನ್ನೊಂದು ಮಾರನ್ನು ಸೇರಿಸುವುದು ಲಾಭಕರವಾಗಬೇಕಾದರೆ ಅದು ಮಾರಾಟವಾಗುವ ಸಂಭವವು ಕೊಂಡ ಬೆಲೆಯನ್ನು ಮಾರುವ ಬೆಲೆಯಿಂದ ಭಾಗಿಸಿದಷ್ಟಾದರೂ ಇರಬೇಕು. ಇಲ್ಲಿ 30 ÷ 55, ಸುಮಾರು 0.55. ಬೇಡಿಕೆ 55 ಮಾರನ್ನು ಮುಟ್ಟಿದ ದಿನಗಳು ಹತ್ತರಲ್ಲಿ ಆರು, ಸಂಭವ 0.6, ಆದುದರಿಂದ 55ನೆಯ ಮಾರನ್ನು ಕೊಳ್ಳಬಹುದು. 56ನೆಯದನ್ನು ಮುಟ್ಟಿದ ದಿನಗಳು ಐದೇ; ಸಂಭವ 0.5, ಕೊಳ್ಳಬಾರದು. ಉತ್ತರ 55 ಮಾರು, ಸರಾಸರಿಗಿಂತಲೂ ಕಡಮೆ. ಇದೇ ಜಾತಿಯ ಲೆಕ್ಕವನ್ನು ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞನು 1888ರಲ್ಲಿ, ಬ್ಯಾಂಕು ಎಷ್ಟು ನಗದನ್ನು ಕೈಯಲ್ಲಿ ಇಟ್ಟುಕೊಳ್ಳಬೇಕೆಂಬ ವಿಚಾರದಲ್ಲಿ, ಮಾಡಿದ್ದನು. ಬ್ಯಾಂಕಿನ ತಿಜೋರಿಗೂ ಹೂವಿನ ಬುಟ್ಟಿಗೂ ನಿಯಮ ಒಂದೇ.

ಒಂದು ಸೂಕ್ಷ್ಮವನ್ನು ಮರೆಯಬಾರದು. ಹೂವು ಸಂಜೆ ಏಳಕ್ಕೇ ಮುಗಿದುಹೋದ ದಿನದಲ್ಲಿ ಮಾರಿದ ಮೊತ್ತವೇ ಬೇಡಿಕೆಯಲ್ಲ. ಆಮೇಲೆ ಬಂದು ಹಿಂದಿರುಗಿದವರೂ ಬೇಡಿಕೆಯೇ. ಆದುದರಿಂದ ಎಷ್ಟು ಮಾರಿತೆಂಬುದರ ಜೊತೆಗೆ ಯಾವ ಹೊತ್ತಿಗೆ ಮುಗಿಯಿತೆಂಬುದನ್ನೂ ಬರೆದಿಡಬೇಕು. ಒಂದಾಣೆಯ ಪುಸ್ತಕದಷ್ಟು ಸಣ್ಣ ಈ ಅಭ್ಯಾಸ ಎಷ್ಟೋ ಬುದ್ಧಿವಾದಗಳಿಗಿಂತ ಬೆಲೆಯುಳ್ಳದ್ದು.

ಈಗ ಬಳೆಯವನಿಗೆ ಹಿಂದಿರುಗೋಣ. ಮೈಲಾರದಲ್ಲಿ ಉಳಿದ ಬಳೆ ಕೊಟ್ಟೂರಿಗೆ ಹೋಗುತ್ತದೆ, ಅಲ್ಲಿ ಉಳಿದದ್ದು ಕುರುವತ್ತಿಗೆ. ಸಾಗಾಣಿಕೆ, ಒಡೆತ, ಬಡ್ಡಿ ಸೇರಿ ಉಳಿದ ಡಜನ್ನಿಗೆ 10 ರೂಪಾಯಿ ನಷ್ಟವೆಂದರೂ, ಮಾರಿದರೆ ಬರುವುದು 30. ಹತ್ತನ್ನು 10 + 30ರಿಂದ ಭಾಗಿಸಿದರೆ 0.25; ಮಾರಾಟವಾಗುವ ಸಂಭವ ನಾಲ್ಕರಲ್ಲಿ ಒಂದು ಇದ್ದರೂ ತರಬಹುದು. ಹೂವಿನವಳು ಕೈ ಬಿಗಿಹಿಡಿಯಬೇಕು, ಬಳೆಯವನು ಧಾರಾಳವಾಗಿ ತರಬೇಕು. ಹಾಗೆಯೇ, ತೇರು ನೆಲೆ ಮುಟ್ಟಿದ ಮೇಲೆ ಹೂವಿನವಳು ಬೆಲೆಯನ್ನು ಅರ್ಧಕ್ಕಿಳಿಸಿದರೆ ಅದು ವಿವೇಕ. ಕೊಂಡ ಹಣ ಆಗಲೇ ಹೋಗಿದೆ, ಬಂದಷ್ಟೂ ಲಾಭ. ಬಳೆಯವನು ಅದೇ ರಾತ್ರಿ ಅರ್ಧಕ್ಕಿಳಿಸಿದರೆ ಅದು ಅವಿವೇಕ. ನಾಲ್ಕು ದಿನದಲ್ಲಿ ಅದೇ ಬಳೆಗೆ ಪೂರ್ಣ ಬೆಲೆ ದೊರೆಯಬಹುದು.

ಕೊಸರು

ರಿಯಾಯಿತಿಯೆಂಬುದು ನಗರದ ಹೊಸ ಪದವಾದರೆ, ನಮ್ಮ ಸಂತೆಗಳಲ್ಲಿ ಅದಕ್ಕಿಂತ ಹಳೆಯದಾದ ಒಂದು ಪದ್ಧತಿಯುಂಟು: ಅಳೆದುಕೊಟ್ಟ ಮೇಲೆ ಒಂದು ಹಿಡಿ ಹೆಚ್ಚಾಗಿ ಹಾಕುವ ಕೊಸರು. ಗಣಿತದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಬಹಳ ಜಾಣತನವಿದೆ.

ನೂರು ರೂಪಾಯಿಯ ವ್ಯಾಪಾರಕ್ಕೆ 10 ರೂಪಾಯಿ ಬಿಟ್ಟರೆ ವ್ಯಾಪಾರಿಗೆ ತಗಲುವುದು ಹತ್ತಕ್ಕೆ ಹತ್ತು. ಅದರ ಬದಲು 10 ರೂಪಾಯಿ ಬೆಲೆಯ ಸರಕನ್ನು ಕೊಸರಾಗಿ ಕೊಟ್ಟರೆ ತಗಲುವುದು ಅದರ ಕೊಂಡ ಬೆಲೆ, ಏಳು ರೂಪಾಯಿ ಮಾತ್ರ. ಉಳಿಕೆ 20ರ ಬದಲು 23. ಮೊದಲಿನಷ್ಟು ಗಳಿಸಲು ವ್ಯಾಪಾರ ಶೇಕಡಾ 50ರ ಬದಲು ಸುಮಾರು 30 ಏರಿದರೆ ಸಾಕು. ಕೊಳ್ಳುವವನಿಗಾದರೋ ನೂರಕ್ಕೆ ನೂರಹತ್ತರ ಸರಕು ಸಿಕ್ಕಿದುದು ಶೇಕಡಾ 9ಕ್ಕಿಂತ ಸ್ವಲ್ಪ ಹೆಚ್ಚಿನ ರಿಯಾಯಿತಿಗೆ ಸಮ. ಇಷ್ಟೇ ಅಲ್ಲದೆ ಕೊಸರು ಸದ್ದಿಲ್ಲದೆ ನಡೆಯುವ ಕ್ರಿಯೆ. ಫಲಕದ ಬೆಲೆ ಇಳಿಯದಿರುವುದರಿಂದ ನೆರೆಯವನೊಡನೆ ಇಳಿಕೆಯ ಸ್ಪರ್ಧೆ ಹತ್ತದು. ಆದರೆ ಕೊಸರಿನಲ್ಲಿ ಬಂದ ಸರಕು ಕೊಳ್ಳುವವನಿಗೆ ನಿಜವಾಗಿ ಬೇಕಾದುದಾಗಿರಬೇಕು. ಬೇಡದ ವಸ್ತುವನ್ನು ಕಟ್ಟಿಕೊಟ್ಟರೆ ಅವನಿಗೆ ಅದರ ಬೆಲೆ ಸೊನ್ನೆ.

ಕೊಟ್ಟೂರು, ದಾವಣಗೆರೆಯ ಕಡೆ ಹೆಸರುವಾಸಿಯಾದ ಮಂಡಕ್ಕಿಯಲ್ಲಿ ಕೊಸರನ್ನು ಕಣ್ಣಿನಿಂದಲೇ ಅಳೆಯಬಹುದು. ಮಂಡಕ್ಕಿ ಹಗುರವಾದುದರಿಂದ ಅದನ್ನು ಪಾತ್ರೆಯಿಂದ ಅಳೆಯುವ ರೂಢಿಯುಂಟು. ಪಾತ್ರೆಯ ಅಂಚಿಗೆ ಸಮನಾಗಿ ಸವರಿ ಕೊಡುವುದೊಂದು; ಗೋಪುರದಂತೆ ಏರಿಸಿ ಕೊಡುವುದೊಂದು. ಕಾಳುಗಳ ರಾಶಿ ಒಂದು ನಿಶ್ಚಿತ ಕೋನಕ್ಕಿಂತ ಕಡಿದಾಗಿ ನಿಲ್ಲಲಾರದು, ಅಂಚಿನಿಂದ ಜಾರುತ್ತದೆ. ಆ ಕೋನ ಸುಮಾರು 30 ಡಿಗ್ರಿ ಎಂದಿಟ್ಟುಕೊಂಡರೆ, ಗೋಪುರದ ಎತ್ತರ ಪಾತ್ರೆಯ ಬಾಯಿಯ ತ್ರಿಜ್ಯದ 0.577ರಷ್ಟು. ಶಂಕುವಿನ ಗಾತ್ರ ಅದೇ ತಳ, ಅದೇ ಎತ್ತರದ ಸ್ತಂಭದ ಮೂರನೆಯ ಒಂದು ಪಾಲು. ಪಾತ್ರೆಯ ಆಳವು ತ್ರಿಜ್ಯದ ಎರಡರಷ್ಟಿದ್ದರೆ ಗೋಪುರದಲ್ಲಿ ಬರುವ ಕೊಸರು ಪಾತ್ರೆಯ ಅಳತೆಯ ಶೇಕಡಾ 9.6. ಆಳವು ತ್ರಿಜ್ಯದಷ್ಟೇ ಇರುವ ಅಗಲವಾದ ಪಾತ್ರೆಯಾದರೆ ಶೇಕಡಾ 19. ಪಾತ್ರೆಯ ಆಕಾರ ಬದಲಾದ ಮಾತ್ರಕ್ಕೆ ಕೊಸರು ಇಮ್ಮಡಿಯಾಯಿತು! ಮಾರುವವನೂ ಕೊಳ್ಳುವವನೂ ಪಾತ್ರೆಯ ಬಾಯಿಯನ್ನು ಗಮನಿಸಬೇಕು.

ಇದಕ್ಕೆ ವಿರುದ್ಧವಾದುದು 'ಒಂದು ಕೊಂಡರೆ ಒಂದು ಉಚಿತ' ಎಂಬ ಘೋಷಣೆ. ಇದು ಶೇಕಡಾ 50 ರಿಯಾಯಿತಿ. ಉಳಿಕೆ ಅರ್ಧಕ್ಕಿಂತ ಕಡಮೆಯಿರುವ ಯಾವ ಅಂಗಡಿಗೂ ಇದು ಸಾಧ್ಯವಿಲ್ಲ. ಸಾಧ್ಯವಾಗಿದೆಯೆಂದು ತೋರಿದರೆ ಬೆಲೆಯನ್ನು ಮೊದಲೇ ಏರಿಸಿರಬೇಕು, ಇಲ್ಲವೇ ಹಳೆಯ ಸರಕಾಗಿರಬೇಕು. ಸುಳ್ಳು ರಿಯಾಯಿತಿಗೆ ಕಾನೂನಿನ ತಡೆಯೂ ಇದೆ. 2019ರ ಗ್ರಾಹಕ ರಕ್ಷಣಾ ಅಧಿನಿಯಮದ ಅಡಿಯಲ್ಲಿ ಸ್ಥಾಪಿತವಾದ ಪ್ರಾಧಿಕಾರವು 2022ರ ಜೂನ್ ತಿಂಗಳಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ನಿಯಮಗಳನ್ನು ಹೊರಡಿಸಿತು. 'ಉಚಿತ' ಎಂಬ ಮಾತನ್ನೂ, ಸಾಕಷ್ಟು ಸರಕಿಲ್ಲದೆ ಕಡಮೆ ಬೆಲೆ ತೋರಿಸಿ ಸೆಳೆಯುವುದನ್ನೂ ಅವು ನಿಯಂತ್ರಿಸುತ್ತವೆ. ಪೊಟ್ಟಣ ಕಟ್ಟಿದ ಸರಕಿನ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯನ್ನು ಮೀರಿ ಮಾರುವಂತಿಲ್ಲ. ತೇರಿನ ದಿನದ ನೂಕುನುಗ್ಗಲಿನಲ್ಲಿಯೂ ನೀರಿನ ಸೀಸೆಗೆ ಇದೇ ನಿಯಮ.

ರಿಯಾಯಿತಿಯನ್ನು ಹೊರುವವರು ಯಾರು?

ಗಾಂಧಿ ಜಯಂತಿಯ ಕಾಲದಲ್ಲಿ ಖಾದಿ ಭಂಡಾರಗಳ ರಿಯಾಯಿತಿ ಎಲ್ಲರಿಗೂ ಪರಿಚಿತವಾದುದು. ಬಹುಕಾಲ ಆ ರಿಯಾಯಿತಿಯ ಹಣವನ್ನು ಸರ್ಕಾರ ತುಂಬಿಕೊಡುತ್ತಿದ್ದಿತು. 2010ರ ಸುಮಾರಿಗೆ ಆ ಪದ್ಧತಿ ಬದಲಾಗಿ ಮಾರುಕಟ್ಟೆ ಅಭಿವೃದ್ಧಿಯ ನೆರವೆಂಬ ರೂಪ ತಾಳಿತು. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆ 2014ರ ಅಕ್ಟೋಬರ್ 6ರಂದು ತನ್ನ ಮೊದಲ ಮಹಾ ಮಾರಾಟದ ದಿನವನ್ನು ನಡೆಸಿತು. ಅಂದಿನಿಂದ ದಸರಾ, ದೀಪಾವಳಿಯ ಮುಂಚಿನ ವಾರಗಳು ಇಂತಹ ಮಾರಾಟಗಳ ಕಾಲವಾಗಿವೆ. ಅಂತಹ ಸಂಸ್ಥೆಗಳ ಹಿಂದೆ ಹೂಡಿಕೆದಾರರ ಬಂಡವಾಳವಿರುತ್ತದೆ. ತಯಾರಕರೂ ಬ್ಯಾಂಕುಗಳೂ ರಿಯಾಯಿತಿಯ ಪಾಲನ್ನು ಹೊರುವುದುಂಟು. ಹಗರಿಬೊಮ್ಮನಹಳ್ಳಿಯ ಬಟ್ಟೆಯಂಗಡಿಯ ಹಿಂದೆ ಇರುವುದು ಅದರ ಒಡೆಯನ ಉಳಿಕೆ ಮಾತ್ರ. ದೂರವಾಣಿಯ ಪರದೆಯ ಮೇಲಿನ ಬೆಲೆಯನ್ನು ಅನುಕರಿಸಿ ಅವನು ಬೆಲೆ ಇಳಿಸಿದರೆ, ಬೇರೆಯವರ ಹೆಗಲ ಮೇಲಿದ್ದ ಹೊರೆಯನ್ನು ತಾನೊಬ್ಬನೇ ಹೊತ್ತಂತಾಗುತ್ತದೆ.

ಅವನ ಕೈಯಲ್ಲಿರುವ ಬಲ ಬೇರೆ. ಗಿರಾಕಿ ಅವನಿಗೆ ಪರಿಚಿತನು. ಯುಗಾದಿಗೆ ಬಂದವನು ನಾಗರಪಂಚಮಿಗೂ ಬರುತ್ತಾನೆ. ಊರಿನ ಅಂಗಡಿಗೆ ಈ ಪುನರಾವರ್ತನೆಯೇ ಆಸ್ತಿ. 1852ರ ಅನಂತರ ಪ್ಯಾರಿಸ್ಸಿನ ಬಾನ್ ಮಾರ್ಷೆ ಅಂಗಡಿಯನ್ನು ಬೆಳೆಸಿದ ಆರಿಸ್ತೀದ್ ಬುಸಿಕೊ ಚೌಕಾಸಿಯನ್ನು ಬಿಟ್ಟು, ಪ್ರತಿ ವಸ್ತುವಿಗೂ ಬೆಲೆಯ ಚೀಟಿ ಅಂಟಿಸಿ, ಎಲ್ಲರಿಗೂ ಒಂದೇ ಬೆಲೆಯೆಂಬ ನಂಬಿಕೆಯ ಮೇಲೆಯೇ ದೊಡ್ಡ ವ್ಯಾಪಾರವನ್ನು ಕಟ್ಟಿದನು. ಹಬ್ಬಕ್ಕೆ ಮುಂಚೆ ಬೇಡಿಕೆ ಕೇಳಿ ಬರೆದುಕೊಂಡು ಅಷ್ಟನ್ನೇ ತರಿಸುವುದು, ಬಟ್ಟೆಯೊಡನೆ ಹೊಲಿಗೆಯನ್ನು ಕೂಡಿಸಿಕೊಡುವುದು, ಬೇಗ ಬಂದವರಿಗೆ ಮಾತ್ರ ಸಣ್ಣ ಕೊಸರು ಕೊಟ್ಟು ಕೊನೆಯ ದಿನದ ನೂಕಾಟವನ್ನು ತಗ್ಗಿಸುವುದು ಇವೆಲ್ಲ ಉಳಿಕೆಯನ್ನು ಕರಗಿಸದ ಉಪಾಯಗಳು. ಇವಕ್ಕೆಲ್ಲ ಮುಂಚಿತವಾದ ಸಿದ್ಧತೆ ಬೇಕು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರಾಗದು.

ಸಾರಾಂಶವಿಷ್ಟು. ರಿಯಾಯಿತಿ ಬರುವುದು ಬೆಲೆಯಿಂದಲ್ಲ, ಉಳಿಕೆಯಿಂದ. ತೆತ್ತ ಬಾಡಿಗೆ ಬೆಲೆಯನ್ನು ನಿರ್ಣಯಿಸದು. ಬಾಡುವ ಸರಕನ್ನು ಕಡಮೆ ತರಬೇಕು, ಉಳಿಯುವ ಸರಕನ್ನು ಹೆಚ್ಚು ತರಬಹುದು. ಹಣ ಬಿಡುವುದಕ್ಕಿಂತ ಕೊಸರು ಕೊಡುವುದು ಅಗ್ಗ. ಈ ನಾಲ್ಕು ಮಾತುಗಳನ್ನು ಅರಿತ ಒಬ್ಬ ವಿದ್ಯಾರ್ಥಿ ಮನೆಯಲ್ಲಿದ್ದರೆ, ಜಾತ್ರೆಗೆ ಹೊರಡುವ ತಂದೆತಾಯಿಯರ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಲೆಕ್ಕ ಹಾಕಬಹುದು. ಅಸಲು ಉಳಿದರೆ ಮುಂದಿನ ಮಾಘಕ್ಕೂ ಅಂಗಡಿ ಇರುತ್ತದೆ.

ವಾಚಕರು ಬಿಡಿಸಬೇಕಾದ ಲೆಕ್ಕಗಳು

1. ನೂರಕ್ಕೆ 40 ಉಳಿಯುವ ಬಟ್ಟೆಯಂಗಡಿಯೊಂದು ಯುಗಾದಿಗೆ ಶೇಕಡಾ 15 ರಿಯಾಯಿತಿ ಕೊಡುತ್ತದೆ. ಗಳಿಕೆ ಮೊದಲಿನಷ್ಟೇ ಇರಲು ಮಾರಾಟ ಎಷ್ಟು ಹೆಚ್ಚಬೇಕು?

2. ಮೇಲಿನ ಹೂವಾಡಗಿತ್ತಿಯಿಂದ ರಾತ್ರಿ ಉಳಿದ ಹೂವನ್ನು ಮಾರಿಗೆ 15 ರೂಪಾಯಿಯಂತೆ ಕೊಳ್ಳುವವರು ದೊರೆತರು. ಈಗ ಅವಳು ಎಷ್ಟು ಮಾರು ತರಬೇಕು?

3. ಕೊಂಡ ಬೆಲೆ 70, ಮಾರುವ ಬೆಲೆ 100 ಇರುವ ವಸ್ತುವಿಗೆ 'ಮೂರು ಕೊಂಡರೆ ಒಂದು ಉಚಿತ' ಎಂದರೆ ಅದು ಶೇಕಡಾ ಎಷ್ಟು ರಿಯಾಯಿತಿ? ಎಲ್ಲರೂ ಹಾಗೆಯೇ ಕೊಂಡರೆ, ಮೊದಲಿನ ಗಳಿಕೆಗೆ ಎಷ್ಟು ಪಟ್ಟು ವಸ್ತುಗಳು ಹೋಗಬೇಕು?

ಉತ್ತರಗಳು: 1. ಶೇಕಡಾ 60. 2. 60 ಮಾರು, ಏಕೆಂದರೆ ಈಗ ಬೇಕಾದ ಸಂಭವ 15 ÷ 40, ಅಂದರೆ 0.375. 3. ಶೇಕಡಾ 25, ಆರು ಪಟ್ಟು.